ಘಮಕ್ಕನ ಹನ್ನೆರಡು ಚೀಲಗಳು

ಆ ಬೀದಿಯವರೆಲ್ಲ ಅವಳನ್ನು ಕರೆಯುತ್ತಿದ್ದುದು ಘಮಕ್ಕ ಎಂದು. ಗಂಡ ಹೆಂಡತಿ ಇಬ್ಬರೇ ನಡೆಸುವ ಸಣ್ಣ ಬಿಯರ್ ಅಂಗಡಿ ಅವರದು. ಮುಂದೆ ನಾಲ್ಕು ಮೇಜು, ನಡುವೆ ಬಿಯರ್ ಕಾಯಿಸುವ ತಾಮ್ರದ ಹಂಡೆ, ಹಿಂದೆ, ಬಿಯರಿಗೆ ಕಹಿಯನ್ನೂ ಘಮವನ್ನೂ ಕೊಡುವ ಹಾಪ್ಸ್ ಹೂವಿಡುವ ತಣ್ಣನೆಯ ಕೋಣೆ. ಬಾರ್ಲಿ ಬೇಯಿಸುವುದು ಅವನ ಕೆಲಸ. ಅದಕ್ಕೆ ಯಾವ ಹೂವು, ಎಷ್ಟು, ಯಾವ ಹೊತ್ತಿಗೆ ಎನ್ನುವುದರಲ್ಲಿ ಅವಳದೇ ಕೊನೆಯ ಮಾತು. ಆ ಮಾತಿಗೆ ಇಪ್ಪತ್ತೆರಡು ವರ್ಷಗಳಲ್ಲಿ ಅವನು ಒಮ್ಮೆಯೂ ಎದುರಾಡಿರಲಿಲ್ಲ. ಎದುರಾಡಲು ಅವನಿಗೆ ಮೂಗೆಲ್ಲಿತ್ತು? ಒಲೆಯ ಮೇಲೆ ಹಾಲು ಸೀದು ಮನೆಯೆಲ್ಲ ಹೊಗೆಯಾದರೂ ಪೇಪರಿನಿಂದ ತಲೆಯೆತ್ತದ ಆಸಾಮಿ.

ಕೋಣೆಯ ಬಾಗಿಲೆಳೆದುಕೊಂಡು ಅವಳು ಒಂದು ಹಿಡಿ ಹೂವು ತೆಗೆಯುವಳು. ಹೆಬ್ಬೆರಳ ತುದಿಯಷ್ಟು ದಪ್ಪ, ಹಸಿರು, ಪದರ ಪದರ. ಒಳಗೆ ಅಂಟಂಟಾದ ಹಳದಿ ಪುಡಿ. ಎರಡು ಅಂಗೈ ನಡುವೆ ಬಿಸಿಯಾಗುವವರೆಗೂ ಉಜ್ಜಿ, ಬೊಗಸೆಗೆ ಮೂಗಿಟ್ಟು ಕಣ್ಣು ಮುಚ್ಚಿದರೆ ಗೋಡೆಗಳು ಕರಗಿಹೋಗುತ್ತಿದ್ದವು. ಒಂದು ಹೂವಿನಲ್ಲಿ ಯಾರೋ ಬಿಸಿಲಲ್ಲಿ ಕೂತು ಕಿತ್ತಳೆ ಸುಲಿಯುತ್ತಿದ್ದರು. ಇನ್ನೊಂದರಲ್ಲಿ ಆಗಷ್ಟೇ ಗರಗಸ ಹಾಕಿದ ಪೈನ್ ಮರ. ಮತ್ತೊಂದರಲ್ಲಿ ಕೊಯ್ದು ಎರಡು ದಿನವಾದ ಹುಲ್ಲು, ಅದರ ಹಿಂದೆ ಎಲ್ಲೋ ಜೇನು. ಬೆಳೆಗಾರರಿಟ್ಟ ಹೆಸರು ಅವಳಿಗೆ ಬೇಕಿರಲಿಲ್ಲ. ತಾನೇ ನೆಂಟಸ್ತಿಕೆ ಹಚ್ಚಿ ಕರೆಯುತ್ತಿದ್ದಳು. ಕಹಿ ಮಾವ ಮೊದಲೇ ಹಂಡೆಗಿಳಿಯಬೇಕು, ಗಂಟೆಗಟ್ಟಲೆ ಕುದ್ದರೇ ಅವನು ತನ್ನ ಕಹಿ ಬಿಟ್ಟುಕೊಡುವುದು. ಕಿತ್ತಳೆ ನಾದಿನಿ ಒಲೆಯಾರಿದ ಮೇಲೆ ಬರಬೇಕು. ಬಿಸಿ ಹೆಚ್ಚು ತಾಗಿದರೆ ಮುನಿಸಿಕೊಂಡು ಪರಿಮಳವನ್ನೆಲ್ಲ ಆವಿಯ ಜೊತೆ ಕಳಿಸಿಬಿಡುತ್ತಾಳೆ. ಮರದ ಭಾವನನ್ನು ಅಳತೆ ಮೀರಿ ಕರೆದರೆ ಹುಲ್ಲಜ್ಜಿಯ ಮೆಲುದನಿ ಯಾರಿಗೂ ಕೇಳಿಸದು.

ಅವಳಿಗೊಂದು ಕೆಟ್ಟ ಚಾಳಿಯಿತ್ತು. ಒಂದು ಚೀಲ ಖಾಲಿಯಾದರೆ ಬೇರೆ ಹೂವನ್ನು ಅದಕ್ಕೇ ಸುರಿದು ಬಾಯಿ ಕಟ್ಟುವಳು, ಚೀಟಿ ಮಾತ್ರ ಹಳೆಯದೇ ಇರುತ್ತಿತ್ತು. ಗಂಡ ಒಮ್ಮೆ ಕೇಳಿದ್ದಕ್ಕೆ, ಚೀಟಿ ಬೇಕಾಗಿರುವುದು ಮೂಗಿಲ್ಲದವರಿಗೆ ಎಂದು ಅವನ ಬಾಯಿ ಮುಚ್ಚಿಸಿದ್ದಳು.

ಚಳಿ ಮುಗಿಯುವ ಹೊತ್ತಿಗೆ ಬಂದ ಜ್ವರ ಅವಳನ್ನು ಹತ್ತು ದಿನ ಮಲಗಿಸಿತು. ಎದ್ದಾಗ ಲೋಕಕ್ಕೆ ವಾಸನೆಯೇ ಇರಲಿಲ್ಲ. ಸೋಪಿಗಿಲ್ಲ, ಕಾಫಿಗಿಲ್ಲ, ಗಂಡನ ಅಂಗಿಗಿಲ್ಲ. ಬೆಳಗಿನ ಜೊಂಪಿನಲ್ಲಿ ಮಾತ್ರ ಎಲ್ಲ ವಾಪಸಾಗುತ್ತಿತ್ತು. ಕಿತ್ತಳೆ ಸಿಪ್ಪೆ ಹಾಸಿದ ದಾರಿಯಲ್ಲಿ ಅವಳು ಬರಿಗಾಲಲ್ಲಿ ನಡೆಯುತ್ತಿದ್ದಳು, ದೂರದಲ್ಲಿ ಯಾರೋ ಹುಲ್ಲು ಕೊಯ್ಯುತ್ತಿದ್ದರು. ಕಣ್ಣು ಬಿಟ್ಟರೆ ದಿಂಬು, ಬರೀ ದಿಂಬು. ಒಬ್ಬಳೇ ಹೋಗಿ ಡಾಕ್ಟರಿಗೆ ತೋರಿಸಿ ಬಂದಳು. ವಾಸನೆ ಮರಳಿದರೂ ಮರಳೀತು, ಇಲ್ಲದಿದ್ದರೆ ಇಲ್ಲ ಎಂದರು ಅವರು. ಗಂಡನಿಗೆ ಹೇಳಲಿಲ್ಲ. ಘಮವಿಲ್ಲದ ಘಮಕ್ಕ ಯಾರಿಗೆ ಬೇಕು ಎಂದು ಅವಳಿಗೆ ನಿಜಕ್ಕೂ ಹೆದರಿಕೆಯಾಗಿತ್ತು. ಆ ಕೋಣೆ ಕೈತಪ್ಪಿದರೆ ತಾನಲ್ಲಿ ಲೋಟ ತೊಳೆಯುವವಳು, ಅಷ್ಟೇ.

ಅಷ್ಟರಲ್ಲಿ ವರ್ಷಕ್ಕೊಮ್ಮೆ ಮಾಡುವ ಕಿತ್ತಳೆ ಬಿಯರಿನ ದಿನ ಬಂತು. ಹೂವುಜ್ಜುವುದನ್ನು ಅವಳು ಬಿಟ್ಟೇಬಿಟ್ಟಿದ್ದಳು. ಉಜ್ಜಿ ಏನೂ ಸಿಗದಿದ್ದರೆ ಎದೆ ಒಡೆದಂತಾಗುತ್ತಿತ್ತು. ಉಜ್ಜುವಷ್ಟು ಹೊತ್ತು ಕೋಣೆಯೊಳಗೆ ಸುಮ್ಮನೆ ನಿಂತಿದ್ದು, ಜೀವಮಾನದಲ್ಲಿ ಮೊದಲ ಸಲ ಚೀಟಿ ಓದಿ ಚೀಲ ಕೊಟ್ಟಳು.

ಮೂರು ವಾರ ಕಳೆದು ಬಿಯರ್ ಹದಕ್ಕೆ ಬಂದಾಗ ಮೊದಲ ಗುಟುಕು ಎದುರಂಗಡಿಯ ದರ್ಜಿಯದು. ಆತ ವರ್ಷವಿಡೀ ಇದಕ್ಕೇ ಕಾಯುವವನು. ಕುಡಿದವನು ಲೋಟವನ್ನು ಬೆಳಕಿಗೆ ಹಿಡಿದು ನೋಡಿದ.

"ಘಮಕ್ಕಾ, ಈ ಸಲ ಬಡಗಿ ಅಂಗಡಿ ನೆಕ್ಕಿದ ಹಾಗಿದೆಯಲ್ಲ."

ಪಕ್ಕದ ಮೇಜಿನವರು ನಕ್ಕರು. ಅವಳೂ ಒಂದು ಗುಟುಕು ಕುಡಿದಳು. ನಾಲಿಗೆಗೆ ಕಹಿ ಸಿಕ್ಕಿತು, ಅದರಾಚೆ ಏನೂ ಇರಲಿಲ್ಲ. ಕಿತ್ತಳೆಯ ಚೀಲಕ್ಕೆ ಹೋದ ವರ್ಷ ಮರದ ಭಾವನನ್ನು ಸುರಿದವಳು ತಾನೇ ಎಂಬುದು ಆಗ ನೆನಪಾಯಿತು. ಲೋಟ ಕೆಳಗಿಟ್ಟು ತಣ್ಣನೆಯ ಕೋಣೆಗೆ ಹೋಗಿ ನೆಲದ ಮೇಲೆ ಕೂತುಬಿಟ್ಟಳು.

ಗಂಡ ಕೈಯೊರೆಸಿಕೊಳ್ಳುತ್ತ ಹಿಂದೆಯೇ ಬಂದು, ಯಾವ ಹೂವು ಕೊಟ್ಟೆ ಎಂದು ಕೇಳಿದ.

"ಗೊತ್ತಿಲ್ಲ ರೀ. ಜ್ವರ ಬಂದಾಗಿಂದ ನಂಗೆ ಯಾವ ವಾಸನೆನೂ ಬರ್ತಿಲ್ಲ."

ಹೇಳಿದ್ದೇ ತಡ, ತಡೆದಿಟ್ಟ ಅಳುವೆಲ್ಲ ಒಟ್ಟಿಗೆ ಬಂತು. ಅವನು ಮಂಡಿ ಹಿಡಿದುಕೊಂಡು ಎದುರಿಗೆ ಕೂತ, ಹತ್ತಿರದ ಚೀಲ ಎಳೆದುಕೊಂಡ, ಒಂದು ಹಿಡಿ ಹೂವು ತೆಗೆದು ಬಟ್ಟೆ ಒಗೆಯುವವನಂತೆ ಉಜ್ಜತೊಡಗಿದ. ಅಷ್ಟು ಗಟ್ಟಿಯಾಗಿ ಬೇಡ ಎಂದು ಅಳುತ್ತಲೇ ತಿದ್ದಿದಳು.

ಹುಲ್ಲು ಎಂದ ಅವನು. ಹಸಿಯೋ ಒಣಗಿದ್ದೋ ಎಂದು ಅವಳು ಕೇಳಿದಳು. ಮತ್ತೆ ಮೂಸಿ, ಒಣಗಿದ್ದು, ಆದರೆ ಪೂರ್ತಿ ಅಲ್ಲ ಎಂದ. ಹಿಂದೆ ಜೇನು ಇದೆಯಾ? ಇದ್ದ ಹಾಗಿದೆ. ಹುಲ್ಲಜ್ಜಿ, ಎಂದು ಅವಳು ಕಣ್ಣೊರೆಸಿಕೊಂಡು ಹೊಸ ಚೀಟಿ ಬರೆದಳು. ಇನ್ನೊಂದಕ್ಕೆ ಬೆಕ್ಕಿನ ವಾಸನೆ ಎಂದ. ಬೈಯಲು ಹೊರಟವಳು ಚೀಟಿಗೆ ಅದನ್ನೇ ಬರೆದಳು; ಆ ಹೂವಿಗೆ ಇದ್ದದ್ದೇ ಅದು. ಅವನು ತಡವರಿಸಿ ತಡವರಿಸಿ ಹೇಳುತ್ತಿದ್ದರೆ ಅವಳು ಕಣ್ಣು ಮುಚ್ಚಿ ಕೇಳುತ್ತಿದ್ದಳು, ಗೋಡೆಗಳು ಮೊದಲಿನಷ್ಟಲ್ಲದಿದ್ದರೂ ಒಂದಿಷ್ಟು ಕರಗಿದವು. ಕಿತ್ತಳೆ ನಾದಿನಿ ಕಹಿ ಮಾವನ ಚೀಲದಲ್ಲಿ ಸಿಕ್ಕಿದಳು. ಹೀಗೆ ಹನ್ನೊಂದು ಚೀಲ ಮುಗಿಯಿತು.

ಹನ್ನೆರಡನೆಯದು ಮೂಲೆಯಲ್ಲಿತ್ತು. ಅವನು ಉಜ್ಜಿ ಮೂಗಿಟ್ಟ, ಮುಖವೆತ್ತಲೇ ಇಲ್ಲ. ಏನಿದೆ, ಹಣ್ಣೋ ಮರವೋ ಎಂದು ಅವಳು ಎರಡು ಸಲ ಕೇಳಬೇಕಾಯಿತು.

"ಇದು ನಿನ್ನ ಕೈ ವಾಸನೆ ಕಣೇ," ಎಂದ ಬೊಗಸೆಯೊಳಗಿಂದಲೇ. "ಈ ಕೋಣೆಯಿಂದ ನೀನು ಆಚೆ ಬಂದಾಗೆಲ್ಲ ಬರ್ತಿತ್ತು. ಎರಡು ತಿಂಗಳಿಂದ ಇಲ್ಲ. ಏನಾಯ್ತು ಅಂತ ಕೇಳೋಕೆ ಧೈರ್ಯ ಬರಲಿಲ್ಲ."

ಹಾಲು ಸೀದರೂ ತಿಳಿಯದ ಮೂಗು ಅದು. ಅವಳು ಅವನ ಅಂಗೈಗೆ ತಾನೂ ಮೂಗಿಟ್ಟಳು. ಏನೂ ಸಿಗಲಿಲ್ಲ, ಬೆಚ್ಚಗಿತ್ತು. ಚೀಲದೊಳಗೆ ಇಣುಕಿ ನೋಡಿದರೆ ವರ್ಷಗಟ್ಟಲೆ ಎಲ್ಲ ಹೂವುಗಳಿಂದ ಉಳಿದ ಚೂರುಪಾರು, ಅವಳೇ ಒಟ್ಟುಹಾಕಿದ್ದು. ಅವನು ಚೀಟಿಯನ್ನೂ ಪೆನ್ನನ್ನೂ ಅವಳ ಕಡೆಗೆ ಸರಿಸಿದ. ಅವಳು ಪೆನ್ನಿನ ಮುಚ್ಚಳ ಹಾಕಿಟ್ಟಳು.

"ಇದಕ್ಕೆ ಚೀಟಿ ಬೇಡ ಬಿಡಿ. ನಿಮಗೇ ಗೊತ್ತಾಗುತ್ತೆ."