ಎದುರು ಜಗಲಿಗೆ ಬಿಟ್ಟ ವಿಮಾನ

ಮೊನ್ನೆ ಮರಿಮೊಮ್ಮಗಳು ಬಿಟ್ಟ ಕಾಗದದ ವಿಮಾನ ನನ್ನ ಕಾಲ ಬುಡದಲ್ಲಿ ಮೂತಿ ಕುಟ್ಟಿಕೊಂಡು ಬಿತ್ತು. ಎತ್ತಿಕೊಂಡೆ. ರೇಷ್ಮೆ ಹುಳದ ಮನೆಯಿಂದ ತಂದ ಕಾಗದ, ಬಾಡಿದ ಹಿಪ್ಪುನೇರಳೆ ಸೊಪ್ಪಿನ ವಾಸನೆ. ಆ ವಾಸನೆಗೆ ನಮ್ಮ ತೌರು ಸುಗಟೂರಿನ ಎದುರು ಮನೆ ಮೇಷ್ಟ್ರು ನೆನಪಾದರು.

ನನಗೆ ಅಕ್ಷರ ಅಷ್ಟಕ್ಕಷ್ಟೆ. ಇದನ್ನೂ ಕೂಡಿಸಿ ಕೂಡಿಸಿ ಬರೀತಿದ್ದೀನಿ.

ಎರಡನೇ ಮಹಾಯುದ್ಧ ನಡೀತಿದ್ದ ಕಾಲ, ನಾನಿನ್ನೂ ಚಿಕ್ಕ ಹುಡುಗಿ. ಕೋಲಾರದಲ್ಲಿ ಹುಡುಗರಿಗೆ ವಿಜ್ಞಾನ ಹೇಳಿಕೊಡ್ತಿದ್ದ ಮೇಷ್ಟ್ರು ಕ್ಷಯ ಹಿಡಿದು ನಮ್ಮೆದುರಿಗಿದ್ದ ತಮ್ಮ ಅಣ್ಣನ ಮನೆಗೆ ಬಂದರು. ಅವರನ್ನು ಜಗಲಿ ಮೇಲೆ ಹಾಕಿದರು. ಅತ್ತಿಗೆ ಊಟದ ತಟ್ಟೆಯನ್ನು ಕೋಲಲ್ಲಿ ತಳ್ಳುತ್ತಿದ್ದಳು. ನಮ್ಮದು ರೇಷ್ಮೆ ಹುಳ ಸಾಕುವ ಮನೆ. ಆ ಕೆಮ್ಮು ಹುಳಕ್ಕೂ ತಗುಲುತ್ತೆ ಅಂತ ನಮ್ಮಮ್ಮ ನನ್ನನ್ನು ಬೀದಿ ದಾಟೋಕೆ ಬಿಡ್ತಿರಲಿಲ್ಲ. ಕೆಟ್ಟವಳಲ್ಲ. ಹುಳ ಸತ್ತರೆ ನಮಗೆ ಊಟವಿಲ್ಲ.

ಒಂದು ದಿನ ನಮ್ಮ ಜಗಲಿಯಿಂದ ವಿಮಾನ ಎಸೆದೆ. ಸೀದಾ ಚರಂಡಿಗೆ ಬಿತ್ತು. ಎದುರಿಂದ ನಗು, ಅದರ ಹಿಂದೇನೇ ಕೆಮ್ಮು.

"ಲೇ, ಕಲ್ಲು ಬೀಸಿದಂಗೆ ಬೀಸ್ತೀಯಲ್ಲೇ! ಯಾರ ಮೇಲೆ ಸಿಟ್ಟು?"

"ಮತ್ತೆ ಹೆಂಗೆ ಮೇಷ್ಟ್ರೇ?"

"ಮೆಲ್ಲಗೆ ಮುಂದಕ್ಕೆ ತಳ್ಳು. ಮುಂದಕ್ಕೆ ಹೋಗ್ತಿದ್ರೇನೇ ಗಾಳಿ ರೆಕ್ಕೆನ ಹೊರೋದು. ನಿಂತ್ರೆ ಬಿತ್ತು."

ಆಮೇಲೆ ದಿನಾ ಅಲ್ಲಿಂದಲೇ ಪಾಠ. ಮೂಗು ಹಗುರವಾದರೆ ತಲೆ ಎತ್ತಿ ನಿಂತು ದೊಪ್ಪನೆ ಬೀಳುತ್ತೆ. ಭಾರವಾದರೆ ಮೂತಿ ನೆಲಕ್ಕೆ. ಬಾಲದ ಅಂಚು ಒಂಚೂರು ಮೇಲಕ್ಕೆ ಬಗ್ಗಿಸಿದರೆ ಮೂಗು ಏಳುತ್ತೆ. ಎಲ್ಲಾ ಮಾಡಿದರೂ ನನ್ನದು ಎಡಕ್ಕೇ ವಾಲುತ್ತಿತ್ತು.

"ಯಾವ ಕಾಗದನೇ ಅದು?"

"ಹುಳದ ಮೊಟ್ಟೆ ಇದ್ದಿದ್ದು."

"ಕೈಯಾಡಿಸಿ ನೋಡು. ಮೊಟ್ಟೆ ಸಿಪ್ಪೆ ಅಂಟಿಕೊಂಡೈತಾ?"

"ಎಡಗಡೆ ಐತೆ."

"ಅದೇ ಭಾರ. ಕೆರೆದು ಹಾಕು."

ಉಗುರಲ್ಲಿ ಕೆರೆದೆ. ಬಿಟ್ಟೆ. ಬೀದಿ ದಾಟಿತು... ಹೋಗಿ ಅವರ ಮಡಿಲಲ್ಲಿ ಕೂತಿತು. ಕೋಲಿಲ್ಲದೆ ಅವರ ಹತ್ತಿರ ಹೋಗಿದ್ದು ಅದೊಂದೇ. ಎರಡೂ ಕೈಯಲ್ಲಿ ಹಿಡಿದುಕೊಂಡರು.

"ವಾಪಸ್ ಬಿಡಿ ಮೇಷ್ಟ್ರೇ!"

ಕೈ ಎತ್ತಿದರು. ಹಂಗೇ ಇಳಿಸಿದರು.

"ಬೇಡ ಕಣೇ. ನಾ ಮುಟ್ಟಿದ್ದು. ನಿಮ್ಮನೇಲಿ ಹುಳ ಐತೆ."

ರಾಗಿ ಕೊಯ್ಲಿಗೆ ಮುಂಚೆ ಹೋಗಿಬಿಟ್ಟರು. ಚಾಪೆ, ಕಂಬಳಿ, ದಿಂಬು ಎಲ್ಲಾ ಊರ ಹೊರಗೆ ಹಾಕಿ ಸುಟ್ಟರು. ದೂರ ನಿಂತು ನೋಡಿದೆ. ದಿಂಬಿನಡಿ ಇದ್ದ ನನ್ನ ವಿಮಾನವನ್ನೂ ಎಸೆದರು. ಅದು ಉರಿಯೊಳಕ್ಕೆ ಬೀಳಲಿಲ್ಲ. ಮೇಲಕ್ಕೆ ಎದ್ದಿತು. ಹುಣಸೆ ಮರದ ಎತ್ತರಕ್ಕೆ ಹೋಗಿ ಅಲ್ಲೇ ಸುಟ್ಟುಹೋಯಿತು.

ಮುಂದಕ್ಕೆ ಹೋದರೇನೇ ಗಾಳಿ ಹೊರೋದು ಅಂದಿದ್ದರು. ಇದು ನಿಂತಲ್ಲೇ ಹೆಂಗೆ ಎದ್ದಿತು? ಕೇಳೋಣ ಅಂತ ಬೀದಿಗೆ ಬಂದು ಎದುರು ಜಗಲಿ ಕಡೆ ತಿರುಗಿದೆ... ಸಗಣಿ ಹಾಕಿ ಸಾರಿಸಿದ್ದರು. ಇನ್ನೂ ಒದ್ದೆ ಇತ್ತು.

ಮೊನ್ನೆ ಮಗುವಿನ ವಿಮಾನದ ಬಾಲ ಬಗ್ಗಿಸಿ ಕೊಟ್ಟೆ. ಚೆನ್ನಾಗಿ ಹೋಯಿತು.

"ಯಾರಜ್ಜಿ ಹೇಳ್ಕೊಟ್ಟಿದ್ದು?"

"ಎದುರು ಮನೆಯವರು."

ಮಗು ತಿರುಗಿ ಎದುರಿಗೆ ನೋಡಿತು. ಇದು ಯಲ್ದೂರು, ನಾನು ಮದುವೆಯಾಗಿ ಬಂದ ಊರು. ನಮ್ಮೆದುರಿಗೆ ಮಾವಿನ ತೋಪು, ಮನೆಯೇ ಇಲ್ಲ.