ಕುಂಕುಮ ಹಚ್ಚಿದ ರೌಟರ್

ಯಂತ್ರಕ್ಕೆ ದೃಷ್ಟಿ ತಾಗಿದೆ ಎನ್ನುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಮೈ ಉರಿಯುತ್ತಿತ್ತು. ಗೋಕಾಕದಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ. ಕೌಜಲಗಿಯವರೊಬ್ಬರು ಮಾನಿಟರ್ ಹೊತ್ತು ತಂದು, ಬಾಜೂ ಮನೆಯವರ ಕಣ್ಣು ಬಿದ್ದು ಕೆಟ್ಟಿತು ಎಂದಾಗ, ಹಿಂಬದಿ ಬಿಚ್ಚಿ ಒಳಗಿನ ಸತ್ತ ಹಲ್ಲಿಯನ್ನು ತೆಗೆದು ಅವರ ಕೈಯಲ್ಲೇ ಇಟ್ಟು ಕಳಿಸಿದ್ದೆ. ಕೆಟ್ಟಿದ್ದಕ್ಕೆ ಕಾರಣ ಇದ್ದೇ ಇರುತ್ತದೆ, ಹುಡುಕುವ ತಾಳ್ಮೆ ಬೇಕು ಅಷ್ಟೆ. ಈಗಲೂ ಗಿರಾಕಿಗಳಿಗೆ ಹಾಗೆಯೇ ಹೇಳುತ್ತೇನೆ. ಆದರೆ ಹೇಳುವಾಗ ದನಿ ಮೊದಲಿನಷ್ಟು ಗಟ್ಟಿಯಾಗಿ ಬರುವುದಿಲ್ಲ. ನನಗೆ ಸಿಟ್ಟು ಬರುವುದು ಅದಕ್ಕೇ.

ನಮ್ಮ ತಾಲೂಕುಗಳಿಗೆ ಬ್ರಾಡ್‌ಬ್ಯಾಂಡ್ ಆಗಷ್ಟೇ ಕಾಲಿಟ್ಟಿದ್ದ ಕಾಲ. ಹೊರದೇಶದ ಕಂಪನಿಯೊಂದರ ವೈರ್‌ಲೆಸ್ ರೌಟರ್ ಆಗ ಬಹಳ ಓಡುತ್ತಿತ್ತು. ಎರಡು ಕೊಂಬಿನ ಸಣ್ಣ ಡಬ್ಬಿ. ಕಂಪನಿ ಕೊಟ್ಟ ಸಾಫ್ಟ್‌ವೇರಿನಲ್ಲಿ ಒಂದು ರೌಟರ್ ಇನ್ನೊಂದರ ಸಿಗ್ನಲ್ ಹಿಡಿಯುತ್ತಿರಲಿಲ್ಲ. ಆದರೆ ಯಾರೋ ಹವ್ಯಾಸಿಗಳು ಬರೆದು ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಇಟ್ಟಿದ್ದ ಸಾಫ್ಟ್‌ವೇರ್ ತುಂಬಿದರೆ ಹಿಡಿಯುತ್ತಿತ್ತು. ಹುಕ್ಕೇರಿಯ ಒಬ್ಬ ಬಟ್ಟೆ ವ್ಯಾಪಾರಿಗೆ ಹಾಗೆಯೇ ಮಾಡಿ, ಅಂಗಡಿಯಿಂದ ಗೋದಾಮಿಗೆ ತಂತಿಯಿಲ್ಲದೆ ಇಂಟರ್ನೆಟ್ ದಾಟಿಸಿದ್ದೆ. ಇಡೀ ಮಳೆಗಾಲ ಅದು ಒಂದು ದಿನವೂ ತಕರಾರು ಮಾಡಲಿಲ್ಲ.

ಅಷ್ಟರಲ್ಲಿ ಕಂಪನಿ ಒಂದು ಕೆಲಸ ಮಾಡಿತು. ಹೆಸರು ಅದೇ, ಮಾಡಲ್ ನಂಬರ್ ಅದೇ, ಡಬ್ಬಿ ಅದೇ, ಕೊಂಬೂ ಅವೇ. ಒಳಗಿನ ಮೆಮರಿಯನ್ನು ಮಾತ್ರ ಅರ್ಧಕ್ಕೆ ಇಳಿಸಿ, ಚಿಪ್ಪು ಬದಲಿಸಿ ಮಾರತೊಡಗಿತು. ಹಳೆಯದರಲ್ಲಿ ಓಡುತ್ತಿದ್ದ ಸಾಫ್ಟ್‌ವೇರ್ ಹೊಸದಕ್ಕೆ ತುಂಬಿದರೆ ರೌಟರ್ ಸತ್ತೇ ಹೋಗುತ್ತಿತ್ತು. ಇದೆಲ್ಲ ಎಲ್ಲಿ ತಿಳಿಯುತ್ತಿತ್ತು ಎಂದರೆ, ರೌಟರಿನ ತಳಕ್ಕೆ ಅಂಟಿಸಿದ ಬಿಳಿ ಚೀಟಿಯ ಮೂಲೆಯಲ್ಲಿ, ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಬರೆದ ಒಂದು ವರ್ಷನ್ ನಂಬರಿನಲ್ಲಿ. ನಮ್ಮ ಸಂತೆಯಲ್ಲಿ ಚೀಲದ ಬಾಯಿಗೆ ಒಳ್ಳೆಯ ಜೋಳ ಇಟ್ಟು ತಳಕ್ಕೆ ಹುಳುಕು ತುಂಬಿದವನನ್ನು ಅಂಗಿ ಹಿಡಿದು ಕೇಳುತ್ತಾರೆ. ಇಲ್ಲಿ ನಾನು ಯಾರ ಅಂಗಿ ಹಿಡಿಯಲಿ? ಬೆಳಗಾವಿಯ ಡೀಲರನ್ನು ಕೇಳಿದರೆ, "ಎರಡೂ ಒಂದ ಮಾಡಲ್ ರೀ, ಸುಮ್ನ ತಲಿ ತಿನ್ನಬ್ಯಾಡ್ರಿ," ಎಂದು ಫೋನಿಟ್ಟಿದ್ದ.

ಮೂಡಲಗಿಯಲ್ಲಿ ಅಜಿತ ಎಂಬ ನನ್ನ ಶಾಲೆಯ ಗೆಳೆಯ ಡಾಕ್ಟರಾಗಿದ್ದ. ಊರ ಹೊರಗೆ ಗುರ್ಲಾಪುರ ರಸ್ತೆಗೆ ಅವನ ಸಣ್ಣ ಆಸ್ಪತ್ರೆ, ಮೇಲಿನ ಅಂತಸ್ತಿನಲ್ಲಿ ಅವರ ಮನೆ. ಆಸ್ಪತ್ರೆಗೆ ಬ್ರಾಡ್‌ಬ್ಯಾಂಡ್ ಲೈನು ಸಿಗಲಿಲ್ಲ, ಪೇಟೆಯಲ್ಲಿದ್ದ ಅವನ ತಂದೆಯ ಔಷಧದ ಅಂಗಡಿಗೆ ಸಿಕ್ಕಿತು. ಎದೆ ನೋವಿನ ರೋಗಿ ಬಂದರೆ ಇಸಿಜಿ ಪಟ್ಟಿಯನ್ನು ಸ್ಕ್ಯಾನ್ ಮಾಡಿ ಕಳಿಸು, ನೋಡಿ ಹೇಳುತ್ತೇನೆ ಎಂದು ಬೆಳಗಾವಿಯ ಹೃದಯದ ಡಾಕ್ಟರೊಬ್ಬರು ಅವನಿಗೆ ಮಾತು ಕೊಟ್ಟಿದ್ದರು. ಹಾಗಾಗಿ ಅಂಗಡಿಯ ಮಾಳಿಗೆಯಿಂದ ಆಸ್ಪತ್ರೆಯ ಮಾಳಿಗೆಗೆ ಇಂಟರ್ನೆಟ್ ದಾಟಿಸಬೇಕಿತ್ತು. ಎರಡು ರೌಟರ್ ಕೊಂಡು ಹೋದೆ. ಒಂದರ ತಳ ನೋಡಿದೆ, ಹಳೆಯ ವರ್ಷನ್. ಅದನ್ನು ಅಂಗಡಿಯಲ್ಲಿ ಕೂಡಿಸಿ, ಇನ್ನೊಂದನ್ನು ಆಸ್ಪತ್ರೆಯ ಮೇಜಿನ ಮೇಲಿಟ್ಟು ಆಂಟೆನಾದ ಕಂಬ ನಿಲ್ಲಿಸಲು ಮಾಳಿಗೆ ಹತ್ತಿದೆ.

ಇಳಿದು ಬರುವಷ್ಟರಲ್ಲಿ ಅಜಿತನ ತಾಯಿ ಅದಕ್ಕೆ ಪೂಜೆ ಮಾಡಿ ಮುಗಿಸಿದ್ದರು. ನಾವೆಲ್ಲ ಅವರನ್ನು ಕಾಕು ಎನ್ನುತ್ತಿದ್ದೆವು. ಹೊಸ ವಸ್ತು ಮನೆಗೆ ಬಂದರೆ ಕುಂಕುಮ ಕಲಸಿ ಅದರ ಮೇಲೆ ಸ್ವಸ್ತಿಕ ಬರೆಯುವುದು ಅವರ ಪದ್ಧತಿ. ಆದರೆ ರೌಟರನ್ನು ಬೋರಲು ಹಾಕಿ ತಳಕ್ಕೆ ಬರೆದಿದ್ದರು.

"ಮ್ಯಾಲ ಬರೇ ತೂತ ಅದಾವಲ್ಲೋ ತಮ್ಮಾ. ಕುಂಕುಮ ಒಳಗ ಬಿದ್ರ ಮಿಶಿನ್ ಕೆಡಂಗಿಲ್ಲೇನು?" ಎಂದರು ಕಾಕು, ಬಹಳ ವಿಚಾರ ಮಾಡಿದವರಂತೆ.

ಸ್ವಸ್ತಿಕ ಸರಿಯಾಗಿ ಬಿಳಿ ಚೀಟಿಯ ಮೇಲೆ ಕೂತಿತ್ತು. ಮಾಡಲ್ ನಂಬರಿನ ಬಾಲ ಅಷ್ಟು ಕಾಣುತ್ತಿತ್ತು, ವರ್ಷನ್ ಪೂರ್ತಿ ಮುಚ್ಚಿಹೋಗಿತ್ತು. ಹೆಬ್ಬೆರಳು ಒದ್ದೆ ಮಾಡಿ ಒರೆಸಲು ಹೋದೆ. ಕಾಕು ಗಪ್ಪನೆ ನನ್ನ ಕೈ ಹಿಡಿದರು. "ಮುತ್ತೈದಿ ಹಚ್ಚಿದ ಕುಂಕುಮ ಒರಸ್ತಾರೇನೋ? ನಮ್ಮನಿಯವ್ರು ಇನ್ನ ಗಟ್ಟಿ ಅದಾರ!"

ಅಲ್ಲಿದ್ದವರೆಲ್ಲ ನಕ್ಕರು. ನಾನು ಕೈ ಹಿಂದೆ ತೆಗೆದೆ. ಒಂದೇ ಅಂಗಡಿಯಿಂದ ಒಂದೇ ದಿನ ತಂದ ಜೋಡಿ, ಇದೂ ಹಳೆಯದೇ ಇರುತ್ತದೆ ಎಂದುಕೊಂಡು ಸಾಫ್ಟ್‌ವೇರ್ ತುಂಬಲು ಹಚ್ಚಿದೆ. ಅರ್ಧಕ್ಕೆ ನಿಂತಿತು. ಪವರಿನ ದೀಪವೊಂದು ಪಿಳಿಪಿಳಿ ಬಡಿಯತೊಡಗಿತು, ಉಳಿದವೆಲ್ಲ ಆರಿದವು. ಸತ್ತ ರೌಟರಿನ ಲಕ್ಷಣವೇ ಅದು. ಮಧ್ಯಾಹ್ನ ಇಳಿಯುವವರೆಗೂ ನನಗೆ ಗೊತ್ತಿದ್ದ ಉಪಾಯವನ್ನೆಲ್ಲ ಮಾಡಿದೆ. ಕೊನೆಗೆ ತಲೆ ಕೆಟ್ಟು ಅಡಾಪ್ಟರನ್ನು ಗೋಡೆಯಿಂದ ಕಿತ್ತು ಮೇಜಿನ ಕೆಳಗೆ ಎಸೆದೆ. ಆ ಕಂಪನಿಯ ವಂಶವನ್ನೆಲ್ಲ ಹಿಡಿದು ಬೈದೆ. ಚಹಾ ತಂದ ಕಾಕು, "ಇವತ್ತ ಬಂದೈತಿ ಪಾಪ, ಹಂಗ್ಯಾಕ ಬೈತಿ ಅದಕ್ಕ?" ಎಂದರು. ನನಗೆ ಇನ್ನಷ್ಟು ರೇಗಿತು.

ದೀಪ ಹಚ್ಚುವ ಹೊತ್ತಿಗೆ ಕಾಕು ಮೆಟ್ಟಿಲ ಮೇಲೆ ಎದೆ ಹಿಡಿದು ಕುಸಿದರು. ಸೀರೆಯೆಲ್ಲ ಬೆವರಿನಿಂದ ತೊಯ್ದಿತ್ತು. ಎತ್ತಿ ತಂದು ಕೆಳಗೆ ಮಲಗಿಸಿದೆವು. ಅಜಿತ ಇಸಿಜಿ ಪಟ್ಟಿ ತೆಗೆದು ದೀಪದ ಬೆಳಕಿಗೆ ಹಿಡಿದು ನೋಡಿದ. ಹೃದಯದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಇಂಜೆಕ್ಷನ್ ಫ್ರಿಜ್ಜಿನಲ್ಲಿತ್ತು. ಅದು ಹೃದಯಾಘಾತವೇ ಆಗಿದ್ದರೆ ತಡಮಾಡದೆ ಕೊಡಬೇಕು. ಅಲ್ಲದಿದ್ದರೆ ಅದೇ ಇಂಜೆಕ್ಷನ್ನಿನಿಂದ ಮೆದುಳಿನಲ್ಲಿ ರಕ್ತನಾಳ ಒಡೆದು ಜೀವ ಹೋಗಬಹುದು. ಪಟ್ಟಿ ಸ್ಪಷ್ಟವಾಗಿರಲಿಲ್ಲ.

"ಬ್ಯಾರೆಯವ್ರ ಅವ್ವ ಆಗಿದ್ರ ಇಷ್ಟೊತ್ತಿಗೆ ಕೊಟ್ಟಬಿಡ್ತಿದ್ನೋ," ಎಂದ ಅಜಿತ. "ನಮ್ಮವ್ವಗ ಹೆಂಗ ಚುಚ್ಚಲಿ? ಅವ್ರು ಒಮ್ಮಿ ನೋಡ್ಲಿ." ಬೆಳಗಾವಿಯವರಿಗೆ ಮೊಬೈಲಿನಲ್ಲಿ ವಿಷಯ ತಿಳಿಸಿ, ಪಟ್ಟಿ ಸ್ಕ್ಯಾನ್ ಮಾಡಿ, ಮೇಲ್ ಬರೆದು, ಕಳಿಸುವ ಗುಂಡಿ ಒತ್ತಿಯೇಬಿಟ್ಟ.

"ಎಲ್ಲಿ ಹೋಗತೈತಿ ಅದು? ರೌಟರ್ ಸತ್ತೈತಿ!" ಎಂದು ಕೂಗಿದೆ. ಕಂಪ್ಯೂಟರ್ ಇದ್ದದ್ದು ಅದೊಂದೇ, ಪೇಟೆಯ ಅಂಗಡಿಯಲ್ಲಿ ಬರೀ ಲೈನು. ಇದನ್ನೇ ಕಳಚಿ ಅಲ್ಲಿಗೆ ಒಯ್ಯಬೇಕಿತ್ತು. ಕಂಪೌಂಡರ್ ಜೀಪು ತರಲು ಓಡಿದ. ನಾನು ತಂತಿ ಕೀಳಲು ಮೇಜಿನ ಕೆಳಗೆ ನುಸುಳಿದೆ.

ಅಡಾಪ್ಟರ್ ನಾನು ಎಸೆದಲ್ಲೇ, ನನ್ನ ಮೊಣಕಾಲಿನ ಹತ್ತಿರ ಬಿದ್ದಿತ್ತು. ಇದನ್ನು ನಾನು ಚೆನ್ನಾಗಿ ನೋಡಿದ್ದೇನೆ. ಅಷ್ಟರಲ್ಲಿ ಅಜಿತನ ಮೊಬೈಲ್ ಹೊಡೆದುಕೊಂಡಿತು. "ಬಂತ್ರೀ? ಪಟ್ಟಿ ಕಾಣಾಕತ್ತೈತ್ರೀ? ಹೌದ್ರೀ... ಕೊಡ್ತೇನ್ರೀ," ಎಂದವನೇ ಫ್ರಿಜ್ಜಿನ ಕಡೆ ಓಡಿದ.

ನಾನು ಎದ್ದು ನಿಂತೆ. ರೌಟರಿನ ದೀಪಗಳೆಲ್ಲ ಹಸಿರಾಗಿ, ಅಲುಗಾಡದೆ ಉರಿಯುತ್ತಿದ್ದವು. ಪರದೆಯ ಮೇಲೆ ಮೇಲ್ ಹೋಗಿದೆ ಎಂದಿತ್ತು. ಎತ್ತಿಕೊಂಡೆ, ಓಡುತ್ತಿರುವ ರೌಟರಿನಂತೆ ಬೆಚ್ಚಗಿತ್ತು. ಅದರ ಬಾಲದ ತುದಿಯ ಅಡಾಪ್ಟರ್ ನೆಲದ ಮೇಲೆ. ಯಾರನ್ನಾದರೂ ಕರೆದು ತೋರಿಸೋಣವೆಂದರೆ ಎಲ್ಲರೂ ಕಾಕುವಿನ ಸುತ್ತ ಇದ್ದರು. ನೋಡನೋಡುತ್ತಲೇ ದೀಪಗಳು ಒಂದೊಂದಾಗಿ ಆರಿದವು. ಅಡಾಪ್ಟರನ್ನು ಗೋಡೆಗೆ ಚುಚ್ಚಿ ನೋಡಿದೆ. ಮತ್ತೆ ಅದೇ ಪಿಳಿಪಿಳಿ. ಇಂದಿಗೂ ಅದು ಅಷ್ಟೇ ಮಾಡುತ್ತದೆ.

ಕಾಕು ಬದುಕಿದರು. ಮನೆಗೆ ಬಂದವರೆಲ್ಲ ಕುಂಕುಮದ ಮಹಿಮೆ ಎಂದರು. ನನಗೆ ಮೈಯೆಲ್ಲ ಉರಿಯಿತು. ವರ್ಷನ್ ಮುಚ್ಚಿ ರೌಟರನ್ನು ಕೊಲ್ಲಿಸಿದ್ದೇ ಆ ಕುಂಕುಮ, ಈಗ ಬದುಕಿಸಿದ್ದೂ ಅದೇ ಎಂದರೆ ಹೇಗೆ? ಅಜಿತ, ಒಳಗೆ ಎಲ್ಲೋ ಕರೆಂಟ್ ಉಳಿದಿರಬೇಕು ಎಂದ. ಅವನ ಮೇಲೆ ಇನ್ನೂ ಹೆಚ್ಚು ಸಿಟ್ಟು ಬಂತು, ಏಕೆಂದರೆ ನಾನೂ ಅದನ್ನೇ ಹೇಳಿಕೊಂಡು ನೋಡಿದ್ದೆ. ಅಂಥ ಕರೆಂಟ್ ಕಣ್ಣು ಮಿಟುಕಿಸುವಷ್ಟು ಹೊತ್ತೂ ನಿಲ್ಲುವುದಿಲ್ಲ. ಕಂಪನಿಗೆ ಮೇಲ್ ಬರೆದೆ. ಎಲ್ಲ ವರ್ಷನ್ನುಗಳೂ ಒಂದೇ ಕೆಲಸ ಮಾಡುತ್ತವೆ, ನಮ್ಮ ವಸ್ತು ಕೊಂಡಿದ್ದಕ್ಕೆ ಧನ್ಯವಾದ ಎಂದು ಉತ್ತರ ಬಂತು.

ಆ ರೌಟರ್ ನನ್ನ ಅಂಗಡಿಯಲ್ಲೇ ಇದೆ. ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸಿದರೆ ವರ್ಷನ್ ಯಾವುದೆಂದು ತಿಳಿಯುತ್ತದೆ. ಹೊಸದಾಗಿದ್ದರೆ ಅದು ಸತ್ತಿದ್ದಕ್ಕಾದರೂ ಕಾರಣ ಸಿಕ್ಕಂತಾಗುತ್ತದೆ. ಹಳೆಯದಾಗಿದ್ದರೆ ಅದೂ ಇಲ್ಲ. ಕೆಲವು ವರ್ಷ, ಇಂದು ಒರೆಸೋಣ, ನಾಳೆ ಒರೆಸೋಣ ಎಂದುಕೊಳ್ಳುತ್ತಲೇ ಇದ್ದೆ.

ಆಮೇಲೆ ಅಜಿತನ ತಂದೆ, ನಮ್ಮ ಕಾಕಾ, ತೀರಿಕೊಂಡರು. ನಾನು ಮೂಡಲಗಿಗೆ ಹೋದಾಗ ನಾಲ್ಕಾರು ಹೆಂಗಸರು ಕಾಕುವನ್ನು ಗೋಡೆಗೆ ಒರಗಿಸಿ ಕೂರಿಸಿ, ಒದ್ದೆ ಬಟ್ಟೆಯಿಂದ ಅವರ ಹಣೆ ಒರೆಸುತ್ತಿದ್ದರು. ಕಾಕು ಮುಖ ಆಚೆ ತಿರುಗಿಸಿದರೂ ಬಿಡಲಿಲ್ಲ, ಗದ್ದ ಹಿಡಿದು ಒರೆಸಿದರು. ಕಂಪನಿಯ ಮೇಲೂ ಅಷ್ಟು ಸಿಟ್ಟು ನನಗೆ ಎಂದೂ ಬಂದಿರಲಿಲ್ಲ.

ಈಗ ಅಂಗಡಿಗೆ ಬಂದವರು, ಒರೆಸಿ ನೋಡಬಾರದೇ ಎಂದರೆ ಬೈದು ಕಳಿಸುತ್ತೇನೆ. ಕಾಕು ಹಚ್ಚಿದ ಕುಂಕುಮ ಉಳಿದಿರುವುದು ಅದೊಂದರ ಮೇಲೆ. ಅದನ್ನು ಯಾರೂ ಒರೆಸಕೂಡದು.