ಕೆರಿಯಮ್ಮನ ನೆರೆಭತ್ತ

ನಮ್ಮ ಅತ್ತೆ ಕೆರಿಯಮ್ಮ ಬೀಜದ ಭತ್ತವನ್ನು ಯಾರ ಕೈಗೂ ಬಿಡುತ್ತಿರಲಿಲ್ಲ. ಕೊಯ್ಲಿಗೆ ಮೊದಲು ತಾವೊಬ್ಬರೇ ಗದ್ದೆಗಿಳಿದು, ಒಂದೊಂದು ತೆನೆಯನ್ನೂ ಬೆರಳಲ್ಲಿ ಸವರಿ ನೋಡಿ ಆರಿಸುತ್ತಿದ್ದರು. ಬಣ್ಣ ಬೇರೆ ಕಂಡದ್ದನ್ನು, ಬೇಗ ಬಾಗಿದ್ದನ್ನು ಬುಡಸಮೇತ ಕಿತ್ತು ಎಮ್ಮೆಗೆ ಹಾಕುತ್ತಿದ್ದರು. ಆರಿಸಿದ ತೆನೆ ಬಡಿಯುವ ಚಾಪೆಯೇ ಬೇರೆ, ಕಟ್ಟಿಡುವ ಹುಲ್ಲಿನ ಮುಡಿಯೇ ಬೇರೆ. ಸೊಸೆಯಾದ ನಾನಂತೂ ಕಾಲು ತೊಳೆಯದೆ ಆ ಚಾಪೆಯ ಹತ್ತಿರ ಸುಳಿಯುವಂತಿರಲಿಲ್ಲ.

ಶರಾವತಿ ದಂಡೆಯ ನಮ್ಮ ಗದ್ದೆಗೆ ಆ ಭತ್ತವೇ ಗತಿ. ಹೊಳೆ ಉಕ್ಕಿ ಗದ್ದೆ ಮುಳುಗಿದರೆ ಬೇರೆ ಸಸಿಯೆಲ್ಲ ಕೊಳೆಯುತ್ತಿತ್ತು. ಇದು ನೀರಿನಡಿ ಉಸಿರು ಹಿಡಿದು ಕೂತಿದ್ದು, ನೆರೆ ಇಳಿದ ಮೇಲೆ ಚಿಗುರುತ್ತಿತ್ತು. ಅದಕ್ಕೇ ನೆರೆಭತ್ತ ಅನ್ನುತ್ತಿದ್ದೆವು.

ತುಮರಿ ಕಡೆಯ ಚಂದ್ರಯ್ಯ ಅತ್ತೆಗೆ ದೂರದ ನೆಂಟರು. ಹಿಂದಿನವರ ಕಾಲದಲ್ಲಿ ಅವರ ಮನೆಯವರು ಇದೇ ಬೀಜ ಒಯ್ದು ಬೇರೆ ಭತ್ತದ ಜೊತೆ ಬೆರಕೆ ಮಾಡಿಕೊಂಡಿದ್ದರು. ಮತ್ತೆ ಶುದ್ಧದ್ದು ಬೇಕೆಂದು ಬಂದಾಗಲೆಲ್ಲ ಅತ್ತೆ ಬಯ್ದೇ ಕಳಿಸುತ್ತಿದ್ದರು.

"ನಿಮ್ಮನೆ ಕೋಳಿ ಕಾಲಿಗೂ ನಾಕು ಜಾತಿ ಬತ್ತ ಅಂಟ್ಕಂಡಿರ್ತದೆ. ನಿಂಗೆ ಕೊಟ್ರೆ ಉಳಿದಂಗೇ!"

"ಆಯ್ತು ಕೆರಿಯಕ್ಕ, ಸಾಯೋವಾಗ ಮುಡಿ ತಲೆ ಮೇಲೆ ಹೊತ್ಕಂಡೇ ಹೋಗು" ಎಂದು ಅವರು ನಗುತ್ತಿದ್ದರು. ಅತ್ತೆ ಅವರಿಗಷ್ಟೇ ಅಲ್ಲ, ಯಾರಿಗೂ ಕೊಡಲಿಲ್ಲ.

ಅರವತ್ನಾಲ್ಕರಲ್ಲಿ ಲಿಂಗನಮಕ್ಕಿ ಅಣೆಕಟ್ಟಿನ ನೀರು ನಿಲ್ಲುತ್ತದೆ, ಬಿತ್ತಬೇಡಿ ಎಂದು ಸರ್ಕಾರದವರು ಸಾರಿ ಹೋದರು. ಊರವರು ಗಂಟುಮೂಟೆ ಕಟ್ಟುತ್ತಿದ್ದರೆ ಅತ್ತೆ ಮುಡಿ ಬಿಚ್ಚಿ ಇದ್ದಷ್ಟೂ ಬೀಜ ಬಿತ್ತಿಸಿದರು.

"ನೀರು ಬಂದ್ರೆ ಎಂತ ಆಗ್ತದೆ? ಇದು ನೀರು ಕಾಣದ ಬತ್ತವಾ?"

ನೀರು ಬಂತು. ಹೊಳೆಯ ನೆರೆಯಾದರೆ ಕೆಂಪಗೆ ಓಡುತ್ತದೆ. ಇದು ನಿಂತಲ್ಲೇ ಏರುತ್ತಿತ್ತು. ಸಸಿಯ ತುದಿಯೂ ಮುಳುಗಿತು. ಅತ್ತೆ ದಿಬ್ಬದ ಮೇಲೆ ಕೂತೇ ಇದ್ದರು.

"ಅತ್ತೆ, ಇದು ಇಳಿಯೋ ನೀರಲ್ಲ. ಏಳಿ" ಎಂದೆ.

"ಇಳೀತದೆ, ತಡಿಯೇ."

ಕೊನೆಗೆ ನನ್ನ ಗಂಡ ಭೂತಪ್ಪ ತಾಯಿಯನ್ನು ಎತ್ತಿಕೊಂಡೇ ಗಾಡಿ ಹತ್ತಿಸಿದರು.

ರಿಪ್ಪನ್‌ಪೇಟೆಯ ಆಚೆ ಗುಡ್ಡದ ಮಗ್ಗುಲಲ್ಲಿ ಜಾಗ ಸಿಕ್ಕಿತು. ಬೀಜ ಒಂದು ಕಾಳೂ ಉಳಿದಿರಲಿಲ್ಲ. ಮರುವರ್ಷ ಅತ್ತೆ ನನ್ನನ್ನು ಕರೆದುಕೊಂಡು, ಅಣೆಕಟ್ಟಿನ ಹಿನ್ನೀರು ದಾಟಿ ಚಂದ್ರಯ್ಯನವರ ಮನೆಗೆ ಹೋದರು.

"ಏನ್ ಕೆರಿಯಕ್ಕ, ನಮ್ಮ ಕೋಳಿ ಕಾಲು ನೋಡೋಕೆ ಬಂದ್ಯಾ?" ಎಂದವರು, ಅತ್ತೆಯ ಮುಖ ನೋಡಿ ಒಳಗೆ ಹೋದರು. ಒಂದು ಬುಟ್ಟಿ ಭತ್ತ ತಂದಿಟ್ಟರು. "ಬೆರಕೆನೇ. ನಿಂದು ಇದರಾಗೆ ಎಲ್ಲೋ ಇರ್ಬೇಕು, ಹುಡುಕ್ಕ."

ಅತ್ತೆ ವರ್ಷ ವರ್ಷವೂ ಬಿತ್ತಿ ಹುಡುಕಿದರು. ಕಣ್ಣು ಮಂಜಾದ ಮೇಲೆ ತೆನೆಯನ್ನು ಕೆನ್ನೆಗೆ ಒತ್ತಿ ನೋಡುತ್ತಿದ್ದರು. ಕೊನೆಗೆ ಒಂದು ವರ್ಷ ಗದ್ದೆ ಪೂರಾ ಒಂದೇ ಬಣ್ಣ, ಒಂದೇ ಎತ್ತರ ನಿಂತಿತು.

"ಬಂತಲ್ಲ ಅತ್ತೆ, ಅದೇ ಅಲ್ವಾ?"

"ಮುಖ ಅದೇ. ಗುಣ ಹ್ಯಾಗೆ ಹೇಳೂದು? ಮುಳುಗಿಸೋಕೆ ಇಲ್ಲಿ ನೀರೆಲ್ಲಿದೆ?"

ಮುಂದಿನ ಮಳೆಗೆ ಮಗನ ಕೈಲಿ ಹೊಂಡ ತೆಗೆಸಿ, ಅದರಲ್ಲಿ ಸಸಿ ನೆಟ್ಟು ನೀರು ತುಂಬಿಸಿದರು. ಹಿಂದೆಲ್ಲ ನೆರೆ ನಿಲ್ಲುತ್ತಿದ್ದಷ್ಟು ಕಾಲ ನಿಲ್ಲಿಸಿ, ನೀರು ಹೊರಬಿಟ್ಟು ನೋಡಿದರೆ ಎಲ್ಲ ಕೊಳೆತಿತ್ತು. ಬೀಜವೇ ಅದಲ್ಲವೋ, ಹೊಂಡದ ಸತ್ತ ನೀರಿಗೆ ಹಾಗಾಯಿತೋ, ಯಾರಿಗೆ ಗೊತ್ತು? ಅತ್ತೆ ಆ ಕೆಸರಲ್ಲಿ ಕೈಯಾಡಿಸುತ್ತ ಬಹಳ ಹೊತ್ತು ಕೂತಿದ್ದರು.

ಆ ಸಲದ ಗದ್ದೆಯ ಕೊಯ್ಲಾದ ಮೇಲೆ ಚಂದ್ರಯ್ಯ ಬಂದರು. "ಈಗಾದ್ರೂ ಬೀಜ ಕೊಡ್ತೀಯಾ ಅಕ್ಕ?"

"ಬೀಜ ಅಂತ ಕೊಡಲ್ಲ. ಊಟಕ್ಕೆ ಬೇಕಾದ್ರೆ ತಗಂಡ್ ಹೋಗು."

"ಮನೇಲಿ ಕೇಳಿದ್ರೆ ಯಾವ ಬತ್ತ ಅನ್ಲಿ?"

"ಬತ್ತ ಅನ್ನು. ಸಾಕು."

ಅವರು ಹೊತ್ತುಕೊಂಡು ಹೋದರು. ಆ ವರ್ಷ ಅತ್ತೆ ತೆನೆ ಆರಿಸಿರಲಿಲ್ಲ. ಮುಂದಿನ ಬಿತ್ತನೆಯ ಹೊತ್ತಿಗೆ ಅತ್ತೆಯೇ ಇರಲಿಲ್ಲ. ನಾವು ಪೇಟೆಯಿಂದ ಬೀಜ ತಂದೆವು.